ಹನ್ನೊಂದು ವರ್ಷದ ಹುಡುಗಿ ಅಮ್ಮನಿಗೆ ಡಾಕ್ಟರ್ ಮಾತು ಅನುವಾದ ಮಾಡುತ್ತಿದ್ದಾಳೆ. ಏನು ಮಾಡಲಿ?

ಸುಮಾ, ಮಡೇರಾ (ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದ ಕಡೆಯವರು. ಮಡೇರಾಕ್ಕೆ ಬಂದು ಎರಡು ವರ್ಷ ಆಯಿತು. ಇಲ್ಲಿ ಎಲ್ಲಿ ನೋಡಿದರೂ ಬಾದಾಮಿ ತೋಟ, ದ್ರಾಕ್ಷಿ ತೋಟ. ಕೆಲಸಕ್ಕೆ ಹೋಗುವವರು ಹೆಚ್ಚಾಗಿ ಮೆಕ್ಸಿಕೋದಿಂದ ಬಂದವರು. ನಮ್ಮ ಕೆಳಗಿನ ಮನೆಯಲ್ಲೂ ಅಂಥ ಒಂದು ಸಂಸಾರ ಇದೆ. ಅವರ ಮಗಳು, ನನ್ನ ಮಗಳು ಒಂದೇ ಕ್ಲಾಸು. ಸಂಜೆ ಇಬ್ಬರೂ ನಮ್ಮ ಮನೆಯಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಾರೆ.

ಆ ತಾಯಿಗೆ ಮೂರು ವರ್ಷದಿಂದ ಶುಗರ್. ಕಾಲಿಗೆ ಗಾಯ ಆಗಿ ಮೊನ್ನೆ ಡಾಕ್ಟರ್ ಹತ್ತಿರ ಹೋಗಿದ್ದರು. ಇಂಗ್ಲಿಷ್ ಬರುವುದಿಲ್ಲ, ಅದಕ್ಕೆ ಮಗಳಿಗೆ ಸ್ಕೂಲ್ ಬಿಡಿಸಿ ಕರೆದುಕೊಂಡು ಹೋಗಿದ್ದಾರೆ. ಸಂಜೆ ಆ ಮಗು ಪೆನ್ಸಿಲ್ ಹಿಡಿದುಕೊಂಡು ಸುಮ್ನೆ ಕೂತಿತ್ತು. ಏನಾಯಿತಮ್ಮಾ ಅಂತ ಕೇಳಿದ್ದೇ ತಡ, ಅತ್ತುಬಿಟ್ಟಳು. "ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾಗಬಹುದು ಅಂತ ಡಾಕ್ಟರ್ ಹೇಳಿದರು. ನಾನು ಅದನ್ನು ಅಮ್ಮನಿಗೆ ಹೇಳಲಿಲ್ಲ ಆಂಟಿ" ಅಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ಸ್ಪ್ಯಾನಿಷ್ ಬರುವುದಿಲ್ಲ. ನಾನೇ ಹೋಗಿ ಹೇಳಲಾ? ಅವರ ಪೇಪರ್ಸ್ (ಈ ದೇಶದಲ್ಲಿರಲು ಬೇಕಾದ ವಲಸೆ ದಾಖಲೆ) ಬಗ್ಗೆ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ನನ್ನಿಂದ ಅವರಿಗೆ ತೊಂದರೆ ಆಗಬಾರದು. ಗೊತ್ತಿರುವವರು ದಯವಿಟ್ಟು ಹೇಳಿ.

ರಾಘು, ಹ್ಯೂಸ್ಟನ್

ಸುಮಾ ಅವರೇ, ಆ ಮಗು ತಪ್ಪು ಮಾಡಿಲ್ಲ ಅಂತ ಮೊದಲು ಅದಕ್ಕೆ ಹೇಳಿ. ಹೋದ ವರ್ಷ ನಮ್ಮ ತಂದೆ ಹಾಸನದಿಂದ ಬಂದಿದ್ದಾಗ ಎದೆ ನೋವು ಬಂತು. ಎಮರ್ಜೆನ್ಸಿಯಲ್ಲಿ ಫೋನ್‌ನಲ್ಲಿ ಇಂಟರ್‌ಪ್ರಿಟರ್ (ಮಾತು ಅನುವಾದ ಮಾಡುವವರು) ಹಾಕಿದರು, ಹಿಂದಿಯವರು. ಇಂಡಿಯಾ ಅಂದರೆ ಹಿಂದಿ ಅಂತ ಅಂದುಕೊಂಡಿದ್ದಾರೆ. ಅಪ್ಪನಿಗೆ ಹಿಂದಿ ಒಂದಕ್ಷರ ಬರುವುದಿಲ್ಲ. ಕನ್ನಡದವರು ಬೇಕು ಅಂತ ಕೇಳಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಾನೇ ಹೇಳುತ್ತೇನೆ ಅಂದೆ. ಮೂರು ಕಡೆ ಬ್ಲಾಕ್ ಇದೆ ಅಂದಿದ್ದನ್ನು "ಸ್ವಲ್ಪ ಇದೆಯಂತೆ ಅಪ್ಪ" ಅಂದುಬಿಟ್ಟೆ. ನನಗೆ ಆಗ 41 ವರ್ಷ. ನನ್ನ ಬಾಯಿಂದಲೇ ಹೊರಡಲಿಲ್ಲ, ಇನ್ನು ಆ ಮಗುವಿನ ಬಾಯಿಂದ ಹೇಗೆ ಹೊರಡಬೇಕು?

ವಿಜಯಾ, ಫ್ರೆಸ್ನೊ

ಸುಮಾ, ನಾನು ಫಾರ್ಮಸಿಸ್ಟ್. ಹದಿನಾಲ್ಕು ವರ್ಷದಿಂದ ಕೌಂಟರ್ ಮುಂದೆ ಇಂಥ ಮಕ್ಕಳನ್ನು ನೋಡುತ್ತಲೇ ಇದ್ದೇನೆ. ಅಮ್ಮನ ಮೂತ್ರದ ಉರಿ ಬಗ್ಗೆ ಕೇಳಲು ನಾಚಿಕೊಂಡು ನಿಂತ ಹುಡುಗ ಒಬ್ಬ ಇನ್ನೂ ಕಣ್ಣ ಮುಂದೆ ಇದ್ದಾನೆ.

ಮೊದಲು ಗಾಯದ ಮಾತು. ಶುಗರ್ ಇರುವ ಎಷ್ಟೋ ಜನರಿಗೆ ಕಾಲಿನ ನರ ಮರಗಟ್ಟಿರುತ್ತದೆ. ನೋವು ಗೊತ್ತಾಗುವುದಿಲ್ಲ, ಹಾಗಾಗಿ ದಿನ ತಳ್ಳುತ್ತಾರೆ. ದಿನ ತಳ್ಳುವ ಹೊತ್ತಲ್ಲ ಇದು. ನಾಳೆ ಬೆಳಗ್ಗೆಯೇ ಆ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ಲಿನಿಕ್‌ಗೆ ಫೋನ್ ಮಾಡಿ. ಬೇಗ ನೋಡಬೇಕು, ಇಂಟರ್‌ಪ್ರಿಟರ್ ಬೇಕು ಅಂತ ಕೇಳಿ. ಬೆರಳಿನ ವಿಷಯ ನೀವು ಹೇಳಬೇಡಿ, ಮಗುವಿನ ಕೈಲೂ ಹೇಳಿಸಬೇಡಿ. ಡಾಕ್ಟರೇ ಸರಿಯಾಗಿ ಇನ್ನೊಮ್ಮೆ ಹೇಳಲಿ.

ಇದು ಬೇಡಿಕೊಳ್ಳುವ ವಿಷಯ ಅಲ್ಲ. 2010ರ ಆರೋಗ್ಯ ಕಾನೂನಿನ 1557ನೇ ಸೆಕ್ಷನ್ ಪ್ರಕಾರ, ಕೇಂದ್ರ ಸರ್ಕಾರದ ದುಡ್ಡು ಪಡೆಯುವ ಆಸ್ಪತ್ರೆ, ಕ್ಲಿನಿಕ್ ಎಲ್ಲವೂ ಪುಕ್ಕಟೆಯಾಗಿ ಇಂಟರ್‌ಪ್ರಿಟರ್ ಕೊಡಬೇಕು. ತೀರಾ ತುರ್ತು ಬಿಟ್ಟರೆ ಚಿಕ್ಕ ಮಕ್ಕಳಿಂದ ಅನುವಾದ ಮಾಡಿಸುವ ಹಾಗಿಲ್ಲ. ಹಾಗಿದ್ದೂ ಮಾಡಿಸುತ್ತಾರೆ. ಮಗು ಎದುರಿಗೇ ಇದೆ, ಫೋನ್ ಹಚ್ಚಲು ಹತ್ತು ನಿಮಿಷ ಹಿಡಿಯುತ್ತದೆ, ಹೊರಗೆ ಇನ್ನೂ ಇಪ್ಪತ್ತು ಜನ ಕೂತಿದ್ದಾರೆ. ಕೇಳುವವರು ಇಲ್ಲದ ಕಡೆ ಕಾನೂನು ಗೋಡೆ ಮೇಲಿನ ಪೋಸ್ಟರ್ ಆಗಿಯೇ ಉಳಿಯುತ್ತದೆ.

ಒಂದು ಮಾತಿನಿಂದ ಏನಾಗುತ್ತದೆ ಅನ್ನುವುದಕ್ಕೆ ಇಲ್ಲಿ ಇಂಟರ್‌ಪ್ರಿಟರ್ ತರಬೇತಿಯಲ್ಲಿ ವಿಲ್ಲಿ ರಮೀರೆಜ್ ಕಥೆ ಹೇಳುತ್ತಾರೆ. 1980, ಫ್ಲೋರಿಡಾ. ಹದಿನೆಂಟರ ಹುಡುಗ ಎಚ್ಚರ ತಪ್ಪಿದ್ದ. ಮನೆಯವರು ಸ್ಪ್ಯಾನಿಷ್‌ನಲ್ಲಿ "ಇಂತೊಕ್ಸಿಕಾದೊ" ಅಂದರು. ಅವರ ಆಡುಮಾತಿನಲ್ಲಿ ಅದರ ಅರ್ಥ, ತಿಂದದ್ದು ಏನೋ ಒಗ್ಗಲಿಲ್ಲ ಅಂತ. ಡಾಕ್ಟರುಗಳು ಅದನ್ನು ಇಂಗ್ಲಿಷಿನ "ಇಂಟಾಕ್ಸಿಕೇಟೆಡ್" (ನಶೆ ಏರಿದೆ) ಅಂತ ಹಿಡಿದು, ನಶೆಯ ಔಷಧಿ ಜಾಸ್ತಿ ತೆಗೆದುಕೊಂಡಿದ್ದಾನೆ ಅಂತ ತಿಳಿದರು. ನಿಜವಾಗಿ ಮಿದುಳಿನಲ್ಲಿ ರಕ್ತ ಸೋರುತ್ತಿತ್ತು. ಕೈಕಾಲು ನಾಲ್ಕರ ಸ್ವಾಧೀನವೂ ಹೋಯಿತು. ಪರಿಹಾರ ಸುಮಾರು 71 ಮಿಲಿಯನ್ ಡಾಲರ್ ಅಂತ ತೀರ್ಮಾನ ಆಯಿತು. ಕೈಕಾಲು ವಾಪಸ್ ಬರಲಿಲ್ಲ.

ಮಾತ್ರೆ ಡಬ್ಬಿಯನ್ನೂ ನೋಡಿ. ದಿನಕ್ಕೆ ಒಂದು ಸಲ ಅನ್ನಲು ಇಂಗ್ಲಿಷಿನಲ್ಲಿ "ವನ್ಸ್" ಅಂತ ಬರೆಯುವ ಅದೇ ನಾಲ್ಕು ಅಕ್ಷರಕ್ಕೆ ಸ್ಪ್ಯಾನಿಷ್‌ನಲ್ಲಿ "ಓನ್ಸೆ", ಅಂದರೆ ಹನ್ನೊಂದು! ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಸೇರಿ ಐದು ಭಾಷೆಗಳಲ್ಲಿ ಔಷಧಿ ತೆಗೆದುಕೊಳ್ಳುವ ಕ್ರಮ ಬರೆಸಿಕೊಳ್ಳಬಹುದು. ಕೇಳಿದರೆ ಕೊಡಬೇಕು.

ಪೇಪರ್ಸ್ ವಿಷಯಕ್ಕೆ ನೀವು ಹೆದರುವುದು ಸರಿ, ಅವರೂ ಹೆದರಿರುತ್ತಾರೆ. 2024ರ ಜನವರಿಯಿಂದ ಮೆಡಿ-ಕ್ಯಾಲ್ (ಕಡಿಮೆ ಸಂಪಾದನೆಯವರಿಗೆ ಕ್ಯಾಲಿಫೋರ್ನಿಯಾ ಸರ್ಕಾರದ ಆರೋಗ್ಯ ವಿಮೆ) ಎಲ್ಲ ವಯಸ್ಸಿನವರಿಗೂ ಪೇಪರ್ಸ್ ನೋಡದೆ ಸಿಗುತ್ತಿತ್ತು. 2026ರ ಜನವರಿಯಿಂದ ಪೇಪರ್ಸ್ ಇಲ್ಲದ ದೊಡ್ಡವರನ್ನು ಹೊಸದಾಗಿ ಸೇರಿಸುವುದು ನಿಲ್ಲಿಸಿದ್ದಾರೆ. ಮೊದಲೇ ಸೇರಿರುವವರು ಉಳಿಯಬಹುದು, ಆದರೆ ರಿನ್ಯೂವಲ್ ಕಾಗದ ಬಂದಾಗ ತಪ್ಪಿಸಿದರೆ ಕಷ್ಟ. ಅಂಚೆ ಡಬ್ಬಿಗೆ ಬಂದ ಇಂಗ್ಲಿಷ್ ಕಾಗದ ಏನು ಅಂತ ನೋಡಿಕೊಡುವುದು ನೀವು ಮಾಡಬಹುದಾದ ದೊಡ್ಡ ಸಹಾಯ. ಏನೂ ಇಲ್ಲದಿದ್ದರೆ ಸಮುದಾಯ ಆರೋಗ್ಯ ಕೇಂದ್ರಗಳಿವೆ, ಸಂಪಾದನೆ ನೋಡಿ ಫೀಸು ಹಾಕುತ್ತಾರೆ. 2025ರ ಜೂನ್‌ನಲ್ಲಿ ಮೆಡಿಕೇಡ್ (ಇದೇ ವಿಮೆಗೆ ದೇಶದ ಮಟ್ಟದಲ್ಲಿರುವ ಹೆಸರು) ಮಾಹಿತಿಯನ್ನು ವಲಸೆ ಇಲಾಖೆ ಕಡೆಗೆ ಕೊಟ್ಟಿದ್ದಾರೆ ಅಂತ ಸುದ್ದಿ ಬಂತಲ್ಲ, ಅದಾದ ಮೇಲೆ ನಮ್ಮ ಕೌಂಟರಿನಲ್ಲಿ ಇನ್ಸುಲಿನ್ ಒಯ್ಯಲು ಬಾರದೇ ಉಳಿದವರಿದ್ದಾರೆ. ಧೈರ್ಯ ಹೇಳಿ, ಆದರೆ ಏನೂ ಆಗುವುದಿಲ್ಲ ಅಂತ ಮಾತು ಕೊಡಬೇಡಿ.

ಇನ್ನೊಂದು ವಿಷಯ. ಆ ತಾಯಿ ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಅಂತ ಮಗುವನ್ನು ಕೇಳಿ ನೋಡಿ. ಸ್ಪ್ಯಾನಿಷ್ ಅಂತಲೇ ತಿಳಿಯಬೇಡಿ.

ಸುಮಾ, ಮಡೇರಾ

ವಿಜಯಕ್ಕ, ನೀವು ಹೇಳಿದ್ದು ನಿಜ. ಅಜ್ಜಿಯ ಹತ್ತಿರ ಯಾವ ಭಾಷೆ ಮಾತಾಡ್ತೀಯಾ ಅಂತ ಕೇಳಿದೆ. "ಮಿಶ್ತೆಕೊ" ಅಂದಳು, ಮೆಕ್ಸಿಕೋದ ಮೂಲನಿವಾಸಿಗಳ ಭಾಷೆಯಂತೆ. ಮೆಕ್ಸಿಕೋದ ವಹಾಕಾ ರಾಜ್ಯದ ಕಡೆಯವರಂತೆ. ಅಮ್ಮನಿಗೆ ಅಂಗಡಿಗೆ ಬೇಕಾದಷ್ಟು ಸ್ಪ್ಯಾನಿಷ್ ಅಷ್ಟೇ ಬರುತ್ತದಂತೆ. ಕ್ಲಿನಿಕ್‌ನಲ್ಲಿ ಕೊಟ್ಟ ಸ್ಪ್ಯಾನಿಷ್ ಕಾಗದವೂ ಅವರಿಗೆ ಓದಲು ಬರುವುದಿಲ್ಲ. ತುಂಬಾ ಹೆದರಿಕೊಂಡಿದ್ದಕ್ಕೇ ಶುಗರ್ ಬಂತು ಅಂತ ಅವರು ನಂಬಿದ್ದಾರಂತೆ.

ವಿಜಯಾ, ಫ್ರೆಸ್ನೊ

ಅದನ್ನು ಯಾರೂ ತಳ್ಳಿಹಾಕಬಾರದು. "ಸುಸ್ತೊ" ಅನ್ನುತ್ತಾರೆ, ಬೆಚ್ಚಿಬಿದ್ದದ್ದರಿಂದ ಬಂದ ಕಾಯಿಲೆ. ಯೋಚನೆ ಮಾಡಿ ಮಾಡಿ ಶುಗರ್ ಬಂತು ಅಂತ ನಮ್ಮ ದೊಡ್ಡಮ್ಮಂದಿರು ಹೇಳುವುದಿಲ್ವಾ? ಯಾವಾಗ ಹೆದರಿದಿರಿ ಅಂತ ಕೇಳಿದರೆ ಅವರು ಬಾಯಿ ಬಿಡುತ್ತಾರೆ. ಆಮೇಲೆ ಮಾತ್ರೆಯ ಮಾತೂ ಕೇಳುತ್ತಾರೆ. ತೋರ್ತಿಯಾ (ಅವರ ಜೋಳದ ರೊಟ್ಟಿ) ಬಿಟ್ಟುಬಿಡಿ ಅಂತ ಒಂದೇ ಮಾತಿನಲ್ಲಿ ಹೇಳಿ ಕಳಿಸಿದರೆ, ಅನ್ನ ಬಿಡಿ ಅಂದಾಗ ನಾವು ಮಾಡುವುದನ್ನೇ ಅವರೂ ಮಾಡುತ್ತಾರೆ.

ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದವರು) ಅಂತ ಒಂದೇ ಹಣೆಪಟ್ಟಿ ಹಚ್ಚಿದರೆ ಹೀಗೇ ಆಗುವುದು. ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯೇಗೊ, ಈ ನಾಲ್ಕು ಊರುಗಳಲ್ಲಿ 16,000ಕ್ಕೂ ಜಾಸ್ತಿ ಜನರನ್ನು ಇಟ್ಟುಕೊಂಡು ಒಂದು ದೊಡ್ಡ ಅಧ್ಯಯನ ಮಾಡಿದರು. ದಕ್ಷಿಣ ಅಮೆರಿಕ ಮೂಲದವರಲ್ಲಿ ಶುಗರ್ 100ಕ್ಕೆ ಸುಮಾರು 10, ಮೆಕ್ಸಿಕೊ ಮೂಲದವರಲ್ಲಿ ಸುಮಾರು 18. ಎಲ್ಲರೂ ಲ್ಯಾಟಿನೊಗಳೇ.

ಫ್ರೆಸ್ನೊದಲ್ಲಿ ವಹಾಕಾ ಮೂಲನಿವಾಸಿಗಳದೇ ಸಂಸ್ಥೆ ಇದೆ, ಸೆಂಟ್ರೊ ಬಿನಾಸಿಯೊನಾಲ್ ಅಂತ. ಮಿಶ್ತೆಕೊ ಇಂಟರ್‌ಪ್ರಿಟರ್‌ಗಳನ್ನು ತಯಾರು ಮಾಡುವವರು ಅವರು. ಈ ಭಾಷೆಗೆ ಜನ ಕಡಿಮೆ, ಮೊದಲೇ ಹೇಳಿ ಗೊತ್ತು ಮಾಡಿಕೊಳ್ಳಬೇಕು. ಮಿಶ್ತೆಕೊದಲ್ಲೂ ಊರಿಂದ ಊರಿಗೆ ಮಾತು ಬೇರೆ, ಅವರ ಹಳ್ಳಿ ಹೆಸರನ್ನೂ ಕೇಳಿ ಬರೆದುಕೊಳ್ಳಿ. ಕೆಲವು ಸಲ ಮಿಶ್ತೆಕೊದಿಂದ ಸ್ಪ್ಯಾನಿಷ್‌ಗೆ ಒಬ್ಬರು, ಸ್ಪ್ಯಾನಿಷ್‌ನಿಂದ ಇಂಗ್ಲಿಷ್‌ಗೆ ಇನ್ನೊಬ್ಬರು ಕೂರುತ್ತಾರೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಸುಮಾ, ಮಡೇರಾ

ಫೋನ್ ಮಾಡಿದೆ. ಮೊದಲು ಸ್ಪ್ಯಾನಿಷ್ ಇದ್ದರೆ ಸಾಕಲ್ವಾ ಅಂದರು. ಸಾಕಾಗುವುದಿಲ್ಲ, ಮಿಶ್ತೆಕೊನೇ ಬೇಕು ಅಂತ ಎರಡು ಸಲ ಹೇಳಿದೆ, ಬರೆದುಕೊಂಡರು. ನರ್ಸ್ ಒಬ್ಬರು ಇವತ್ತೇ ಗಾಯ ನೋಡಿ ಡ್ರೆಸ್ಸಿಂಗ್ ಮಾಡಿದ್ದಾರೆ. ಡಾಕ್ಟರ್ ಮತ್ತು ಇಂಟರ್‌ಪ್ರಿಟರ್ ಗುರುವಾರ ಹತ್ತೂವರೆಗೆ. ಕಾರಿನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ. ಆವತ್ತು ಮಕ್ಕಳಿಬ್ಬರಿಗೂ ಗಣಿತದ ಟೆಸ್ಟ್ ಇದೆ, ಈಗ ಭಿನ್ನರಾಶಿ ಓದುತ್ತಿದ್ದಾರೆ.