ಸಹಾಯ ಬೇಕು: ಹೊಸ ಮುಖ್ಯ ಶಿಕ್ಷಕಿಗೆ ಒಬ್ಬ ಮಾರ್ಗದರ್ಶಕರು

ಗುಂಪಿನ ಹಿರಿಯ ಮುಖ್ಯ ಶಿಕ್ಷಕರಿಗೆ ನಮಸ್ಕಾರ.

ಗಣಿತ ಶಿಕ್ಷಕಿಯಾಗಿದ್ದ ನಾನು ಬಡ್ತಿ ಪಡೆದು ಈ ಜೂನ್‌ನಿಂದ ಗ್ರಾಮೀಣ ಸರ್ಕಾರಿ ಪ್ರೌಢಶಾಲೆಯೊಂದರ ಹೊಣೆ ಹೊತ್ತಿದ್ದೇನೆ. ಸ್ಯಾಟ್ಸ್ (ವಿದ್ಯಾರ್ಥಿಗಳ ಮಾಹಿತಿಯ ಆನ್‌ಲೈನ್ ವ್ಯವಸ್ಥೆ) ದಾಖಲೆ, ಬಿಸಿಯೂಟದ ಲೆಕ್ಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿ ಹೇಗೋ ರೂಢಿಯಾಗುತ್ತಿವೆ. ಕಷ್ಟವಾಗಿರುವುದು ಜನರೊಂದಿಗಿನ ಕೆಲಸ. ವಯಸ್ಸಿನಲ್ಲಿ ನನಗಿಂತ ಹಿರಿಯರಾದ ಶಿಕ್ಷಕರ ಪಾಠ ವೀಕ್ಷಿಸಿದ ಮೇಲೆ, ಅವರ ಮನಸ್ಸು ನೋಯದಂತೆ, ಆದರೆ ಕೊರತೆಯನ್ನು ಮುಚ್ಚಿಡದೆ ಹೇಗೆ ಮಾತನಾಡಬೇಕು? ಎಂಟನೇ ತರಗತಿಗೆ ಬಂದರೂ ತಡವರಿಸಿ ಓದುವ ಮಕ್ಕಳಿದ್ದಾರೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡದ ನಡುವೆ ಈ ಮಕ್ಕಳಿಗೂ ಸಮಯ ಕೊಡುವಂತೆ ಸಹೋದ್ಯೋಗಿಗಳನ್ನು ಒಪ್ಪಿಸುವುದು ಹೇಗೆ? ನನ್ನ ನಿದ್ದೆ ಕೆಡಿಸಿರುವುದು ಇದೇ.

ನವದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ಸಂಸ್ಥೆಯ (ನೀಪಾ) ರಾಷ್ಟ್ರೀಯ ಶಾಲಾ ನಾಯಕತ್ವ ಕೇಂದ್ರ ನಡೆಸುವ ಆನ್‌ಲೈನ್ ಕೋರ್ಸ್‌ಗೆ ಸೇರಿದ್ದೇನೆ. ಅದು ಉಪಯುಕ್ತವೇ. ಆದರೂ ನನ್ನ ಶಾಲೆಯ ಸಂದರ್ಭವನ್ನು ಕೇಳಿಸಿಕೊಂಡು, ಮರುಪ್ರಶ್ನೆ ಹಾಕಿ ಯೋಚಿಸುವಂತೆ ಮಾಡುವ ಒಬ್ಬರು ಬೇಕು. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಫೋನಿನಲ್ಲಿ ಸಿಕ್ಕರೆ ಸಾಕು. ನಿವೃತ್ತರಾದರೂ ಸರಿ, ಹಳ್ಳಿಯ ಶಾಲೆ ನಡೆಸಿದ ಅನುಭವವಿರಲಿ. ನಮ್ಮ ಮೇಲಧಿಕಾರಿಗಳಲ್ಲದವರಾದರೆ ಒಳ್ಳೆಯದು, ಏಕೆಂದರೆ ಕೆಲಸದ ಮೌಲ್ಯಮಾಪನ ಮಾಡುವವರೆದುರು ಮನಬಿಚ್ಚಿ ಮಾತನಾಡುವುದು ಕಷ್ಟ.

ನಿಮ್ಮ ಜಿಲ್ಲೆಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮೂಲಕ ಇಂತಹ ನೆರವು ಸಿಕ್ಕಿದ್ದರೆ ಅದನ್ನೂ ದಯವಿಟ್ಟು ತಿಳಿಸಿ.