ಸಹಾಯ ಬೇಕು: ಬೆಂಕಿ ಆರಿಸೋ ಸ್ಪ್ರಿಂಕ್ಲರ್ ಪೈಪಿಗೆ ಭೂಕಂಪದ ಬ್ರೇಸ್ (ಅಲುಗಾಡದಂತೆ ಹಿಡಿಯೋ ಆಸರೆ) ಎಲ್ಲೆಲ್ಲಿ?

ಎಲ್ರಿಗೂ ನಮಸ್ಕಾರ. ವೈಟ್‌ಫೀಲ್ಡ್ ಕಡೆ ಒಂದು ಆಸ್ಪತ್ರೆ ಕಟ್ಟಡಕ್ಕೆ ಎಂಇಪಿ (ಎಸಿ, ಕರೆಂಟ್, ಪ್ಲಂಬಿಂಗ್ ಕೆಲಸ) ಸೈಟ್ ಇಂಜಿನಿಯರ್ ನಾನು. "ಬೆಂಗಳೂರು ಝೋನ್ 2 ಗುರೂ, ಇಲ್ಲೆಲ್ಲಿ ಭೂಕಂಪ" ಅಂತ ಕಂಟ್ರಾಕ್ಟರ್ ನಗ್ತಾರೆ. ನಮ್ಮ ದೇಶದ ಭೂಕಂಪ ಕೋಡ್ ಐಎಸ್ 1893ರ 2016ರ ಆವೃತ್ತಿ ಪ್ರಕಾರ ಝೋನ್ 2, ಅಂದ್ರೆ ಅಪಾಯ ಅತಿ ಕಮ್ಮಿ ಇರೋ ವಲಯ, ಅನ್ನೋದು ನಿಜಾನೇ. ಆದ್ರೆ ಟೆಂಡರ್‌ನಲ್ಲಿ ಎನ್‌ಎಫ್‌ಪಿಎ 13 (ಸ್ಪ್ರಿಂಕ್ಲರ್ ಅಳವಡಿಸೋ ಅಮೆರಿಕನ್ ಕೋಡ್) ಪ್ರಕಾರ ಬ್ರೇಸಿಂಗ್ ಮಾಡಲೇಬೇಕು ಅಂತಿದೆ.

ಮೇನ್ ಪೈಪಿಗೆ ಲ್ಯಾಟರಲ್ ಬ್ರೇಸ್ (ಅಡ್ಡಡ್ಡ ಅಲುಗದಂತೆ) 12 ಮೀಟರಿಗೊಂದು, ಲಾಂಗಿಟ್ಯೂಡಿನಲ್ (ಉದ್ದಕ್ಕೆ ಅಲುಗದಂತೆ) 24 ಮೀಟರಿಗೊಂದು ಅಂತ ಡ್ರಾಯಿಂಗಲ್ಲಿ ಹಾಕಿದೆ. ಪೈಪಿನ ಮೇಲ್ಭಾಗದಿಂದ ಸ್ಲ್ಯಾಬಿಗೆ ಕಚ್ಚಿಸಿರೋ ಜಾಗದವರೆಗೆ ಹ್ಯಾಂಗರ್ ರಾಡ್ (ಪೈಪನ್ನ ನೇತುಹಾಕೋ ಸರಳು) 150 ಮಿ.ಮೀ. ಒಳಗಿದ್ರೆ, ಕೆಲವು ಷರತ್ತಿನ ಮೇಲೆ, ಲ್ಯಾಟರಲ್ ಬ್ರೇಸ್ ಬಿಡಬಹುದು ಅಂತ ಓದಿ ಖುಷಿಪಟ್ಟೆ. ಆ ಖುಷಿ ಎರಡೇ ದಿನ. ಕಾರಿಡಾರಲ್ಲಿ ಎಸಿ ಡಕ್ಟ್ ಅಡ್ಡ ಬಂತು, ಪೈಪ್ ಕೆಳಗಿಳಿಸಿದ್ವಿ, ನಾಲ್ಕು ಹ್ಯಾಂಗರ್ ರಾಡ್ 400 ಮಿ.ಮೀ. ಆಗೋಯ್ತು!

ಕನ್ಸಲ್ಟೆಂಟಿಗೆ ಎರಡು ಸಲ ಮೇಲ್ ಹಾಕಿದೆ. "ಆಸ್ ಪರ್ ಕೋಡ್", ಅಷ್ಟೇ ಉತ್ತರ. ಬ್ರೇಸ್ ಮಾರೋರು ಕ್ಯಾಟಲಾಗ್ ಕಳಿಸಿ ಸುಮ್ಮನಾದ್ರು.

ಉದ್ದ ರಾಡ್ ಇರೋ ಆ ತುಂಡಿಗೆ ಮಾತ್ರ ಲ್ಯಾಟರಲ್ ಬ್ರೇಸ್ ಕೊಟ್ರೆ ಸಾಕಾ, ಇಲ್ಲಾ ಇಡೀ ಲೈನಿಗೇ ಆ ವಿನಾಯಿತಿ ಹೋಗುತ್ತಾ? ಇಂಥದ್ದಕ್ಕೆ ಅಪ್ರೂವಲ್ ತಗೊಂಡಿರೋರು ದಯವಿಟ್ಟು ಹೇಳಿ, ಮುಂದಿನ ವಾರ ಫಾಲ್ಸ್ ಸೀಲಿಂಗ್ ಮುಚ್ಚಿಬಿಡ್ತಾರೆ.