ಇಂಗ್ಲಿಷ್ ಪರೀಕ್ಷೆಯ ಅಂಕ ಏನನ್ನು ಅಳೆಯುತ್ತಿದೆ? ಪದಸಂಪತ್ತು, ವ್ಯಾಕರಣ, ಆಲಿಸುವಿಕೆ ಕುರಿತ ಪ್ರಶ್ನೋತ್ತರ

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ): ನಮಸ್ಕಾರ ಸರ್. ನಮ್ಮದು ಕನ್ನಡ ಮಾಧ್ಯಮದ ಶಾಲೆ. ಈ ವರ್ಷ 8ನೇ ತರಗತಿಗೆ ಸೇರಿದ 42 ಮಕ್ಕಳ ಇಂಗ್ಲಿಷ್ ಮಟ್ಟವನ್ನು ತಿಳಿಯಲೆಂದು 30 ಅಂಕಗಳ ಒಂದು ಪರೀಕ್ಷೆ ಕೊಟ್ಟೆ. 10 ಅಂಕಕ್ಕೆ ಸಮಾನಾರ್ಥಕ ಮತ್ತು ವಿರುದ್ಧಾರ್ಥಕ ಪದಗಳು, 10 ಅಂಕಕ್ಕೆ ವ್ಯಾಕರಣ. ಉಳಿದ 10 ಅಂಕಕ್ಕೆ ಪಠ್ಯಪುಸ್ತಕದ ಒಂದು ಗದ್ಯಭಾಗವನ್ನು ಗಟ್ಟಿಯಾಗಿ ಓದಿ, ಆಮೇಲೆ ಐದು ಪ್ರಶ್ನೆಗಳನ್ನು ಕೇಳಿ, ಇಂಗ್ಲಿಷಿನಲ್ಲಿಯೇ ಉತ್ತರ ಬರೆಸಿದೆ. ತರಗತಿಯಲ್ಲಿ ನಾನು ಇಂಗ್ಲಿಷಿನಲ್ಲಿ ಹೇಳುವ ಸೂಚನೆಗಳನ್ನು ತಟ್ಟನೆ ಗ್ರಹಿಸುವ ಮಕ್ಕಳು ಕೂಡ ಈ ಕೊನೆಯ ಭಾಗದಲ್ಲಿ ಒಂದೆರಡು ಅಂಕಕ್ಕೆ ನಿಂತುಬಿಟ್ಟರು. ಕೊರತೆ ಮಕ್ಕಳಲ್ಲಿದೆಯೋ, ಪತ್ರಿಕೆಯಲ್ಲಿದೆಯೋ ತಿಳಿಯುತ್ತಿಲ್ಲ.

ಉತ್ತರ: ನಮಸ್ಕಾರ ಮೇಡಂ. ಪತ್ರಿಕೆಯಲ್ಲಿದೆ ಎಂದೇ ನನ್ನ ಅಭಿಪ್ರಾಯ. ಆ ಐದು ಪ್ರಶ್ನೆಗಳಿಗೆ ಉತ್ತರಿಸಲು ಒಂದು ಮಗು ಏನೇನು ಮಾಡಬೇಕಾಯಿತು ಎಂಬುದನ್ನು ನೋಡೋಣ. ಮೊದಲು ಗದ್ಯಭಾಗವನ್ನು ಕೇಳಿಸಿಕೊಳ್ಳಬೇಕು. ಮುಂದೆ ಯಾವ ಪ್ರಶ್ನೆ ಬರುತ್ತದೆ ಎಂದು ತಿಳಿಯದ ಕಾರಣ ಅದನ್ನೆಲ್ಲ ನೆನಪಿನಲ್ಲಿಟ್ಟುಕೊಳ್ಳಬೇಕು. ಆಮೇಲೆ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಬೇಕು. ಕಾಗುಣಿತ ತಪ್ಪದಂತೆ ಬರೆಯಬೇಕು. ಇಷ್ಟರಲ್ಲಿ ಆಲಿಸುವಿಕೆ ಎಂಬುದು ಒಂದು ಪಾಲು ಮಾತ್ರ. ಮಗುವಿಗೆ ಒಂದು ಅಂಕ ಬಂದಾಗ, ಅದಕ್ಕೆ ಕೇಳಿದ್ದು ಅರ್ಥವಾಗಲಿಲ್ಲವೋ, ಅರ್ಥವಾದದ್ದು ಮರೆತುಹೋಯಿತೋ, ನೆನಪಿದ್ದರೂ ಬರೆಯಲು ಬರಲಿಲ್ಲವೋ ಎಂಬುದನ್ನು ಆ ಅಂಕ ತಿಳಿಸುವುದಿಲ್ಲ. ಮಟ್ಟ ತಿಳಿಯಲೆಂದೇ ಕೊಟ್ಟ ಪರೀಕ್ಷೆ ಇದನ್ನು ತಿಳಿಸದಿದ್ದರೆ ಮುಂದಿನ ವಾರ ಏನನ್ನು ಕಲಿಸಬೇಕೆಂದು ನೀವು ನಿರ್ಧರಿಸುವುದಾದರೂ ಹೇಗೆ?

ಇನ್ನೊಂದು ತೊಡಕು ಗದ್ಯಭಾಗದ್ದು. ಪಠ್ಯಪುಸ್ತಕದ ಗದ್ಯ ಕಣ್ಣಿನಿಂದ ಓದಲು ಬರೆದದ್ದು; ಅದರಲ್ಲಿ ವಾಕ್ಯದೊಳಗೆ ಉಪವಾಕ್ಯಗಳಿರುತ್ತವೆ, ಒಂದೊಂದು ಸಾಲಿನಲ್ಲಿಯೂ ಎರಡು ಮೂರು ಹೊಸ ಸಂಗತಿಗಳಿರುತ್ತವೆ. ಓದುವವರು ಹಿಂದಿನ ಸಾಲಿಗೆ ಮರಳಬಹುದು, ಕೇಳುವವರಿಗೆ ಆ ಅನುಕೂಲವಿಲ್ಲ. ಜನ ಆಡುವ ಮಾತಿನಲ್ಲಿ ವಾಕ್ಯಗಳು ಚಿಕ್ಕವು, ಮುಖ್ಯ ವಿಷಯ ಮರುಕಳಿಸುತ್ತದೆ, ನಡುವೆ ತಿದ್ದುಪಡಿಯೂ ಇರುತ್ತದೆ. ಆಲಿಸುವ ಪರೀಕ್ಷೆಗೆ ಅಂಥ ಮಾತೇ ಬೇಕು.

ಒಂದು ಮಾದರಿ ಕೊಡುತ್ತೇನೆ. ಬಸ್ ನಿಲ್ದಾಣದ ಪ್ರಕಟಣೆಯ ಧಾಟಿಯಲ್ಲಿ ಹೀಗೆ ಹೇಳಿ: ‘ದ ಬಸ್ ಟು ಹುಬ್ಬಳ್ಳಿ ವಿಲ್ ನಾಟ್ ಲೀವ್ ಅಟ್ ಫೋರ್ ಫಿಫ್ಟೀನ್ ಟುಡೇ. ಇಟ್ ವಿಲ್ ಲೀವ್ ಅಟ್ ಫೋರ್ ಫಿಫ್ಟಿ, ಫ್ರಮ್ ಪ್ಲಾಟ್‌ಫಾರ್ಮ್ ತ್ರೀ.’ ಮಕ್ಕಳ ಕೈಯಲ್ಲಿ ಮೊದಲೇ ಕೊಟ್ಟ ಹಾಳೆಯಲ್ಲಿ ಹುಬ್ಬಳ್ಳಿ ಬಸ್ಸಿನ ಸಮಯಕ್ಕೆ 4:15, 4:45, 4:50 ಎಂಬ ಮೂರು ಅಂಕಿಗಳಿರಲಿ, ಪ್ಲಾಟ್‌ಫಾರಂಗೆ 2, 3, 4 ಇರಲಿ. ಸರಿಯಾದದ್ದಕ್ಕೆ ಸುತ್ತು ಹಾಕಿದರೆ ಸಾಕು. ಇಲ್ಲಿ ಬರವಣಿಗೆಯಿಲ್ಲ, ಕಾಗುಣಿತವಿಲ್ಲ. ಆದರೆ 4:15ಕ್ಕೆ ಸುತ್ತು ಹಾಕಿದ ಮಗು ‘ನಾಟ್’ ಅನ್ನು ಬಿಟ್ಟಿದೆ, ಇಲ್ಲವೇ ಫಿಫ್ಟೀನ್ ಮತ್ತು ಫಿಫ್ಟಿಗಳ ವ್ಯತ್ಯಾಸವನ್ನು ಹಿಡಿದಿಲ್ಲ ಎಂದು ಊಹಿಸಬಹುದು. ತಪ್ಪು ಉತ್ತರವೂ ಹೀಗೆ ನಿಮಗೆ ಏನನ್ನಾದರೂ ಹೇಳುವಂತಿರಬೇಕು. ಊರಿನ ನಕ್ಷೆಯ ಮೇಲೆ ದಾರಿ ಗುರುತಿಸುವುದು, ಹೇಳಿದ ವಿವರಕ್ಕೆ ಹೊಂದುವ ಚಿತ್ರವನ್ನು ಆರಿಸುವುದು, ಹೇಳಿದ ಕ್ರಮದಲ್ಲಿ ಚಿತ್ರಗಳಿಗೆ ಸಂಖ್ಯೆ ಕೊಡುವುದು ಇವೆಲ್ಲವೂ ಇದೇ ಬಗೆಯವು.

ಪ್ರಶ್ನೆಗಳನ್ನು ಕೇಳಿಸುವ ಮುನ್ನವೇ ಕೊಟ್ಟು, ಓದಿಕೊಳ್ಳಲು ಒಂದು ನಿಮಿಷ ಬಿಡಿ. ಎರಡು ಸಲ ಕೇಳಿಸಿ. ಐಇಎಲ್‌ಟಿಎಸ್‌ನಲ್ಲಿ 40 ಪ್ರಶ್ನೆಗಳಿಗೂ ಧ್ವನಿಮುದ್ರಣವನ್ನು ಒಂದೇ ಸಲ ಕೇಳಿಸುತ್ತಾರೆ, ನಿಜ. ಆದರೆ ಅದು ವಿದೇಶದಲ್ಲಿ ಓದಲು, ಕೆಲಸ ಮಾಡಲು ಹೊರಟವರಿಗಾಗಿ ಇರುವ ಪರೀಕ್ಷೆ. ಕೇಂಬ್ರಿಜ್‌ನವರು ಶಾಲಾ ಮಕ್ಕಳಿಗಾಗಿ ನಡೆಸುವ ಆರಂಭಿಕ ಹಂತದ ಪರೀಕ್ಷೆಗಳಲ್ಲಿ ಎರಡು ಸಲ ಕೇಳಿಸುವ ಪದ್ಧತಿಯಿದೆ.

ಪ್ರತಿಕ್ರಿಯೆ (ಅದೇ ಶಿಕ್ಷಕಿ): ಧನ್ಯವಾದಗಳು ಸರ್. ನಾನೇ ಓದಿ ಹೇಳಿದರೆ ಸಾಕೇ, ಧ್ವನಿಮುದ್ರಣ ಬೇಕೇ? ಬ್ರಿಟಿಷ್ ಉಚ್ಚಾರಣೆ ಇರಬೇಕೆಂದು ಕೆಲವರು ಹೇಳುತ್ತಾರೆ.

ಉತ್ತರ: ಫೋನಿನಲ್ಲಿ ಧ್ವನಿಮುದ್ರಿಸಿ, ಸಣ್ಣದೊಂದು ಸ್ಪೀಕರ್‌ಗೆ ಜೋಡಿಸಿ ಕೇಳಿಸಿದರೆ ಸಾಕು. ಎರಡು ವಿಭಾಗಗಳಿದ್ದರೆ ಎರಡಕ್ಕೂ ಒಂದೇ ವೇಗ, ಒಂದೇ ಒತ್ತು ಸಿಗುತ್ತದೆ. ನಾವು ನೇರವಾಗಿ ಓದುವಾಗ, ಮಕ್ಕಳ ಮುಖ ನೋಡಿ, ಗೊತ್ತಿಲ್ಲದೆಯೇ ಉತ್ತರದ ಪದವನ್ನು ಒತ್ತಿ ಹೇಳಿಬಿಡುತ್ತೇವೆ. ಸಹೋದ್ಯೋಗಿಯೊಬ್ಬರ ಧ್ವನಿಯನ್ನೂ ಸೇರಿಸಿಕೊಂಡರೆ, ಮಕ್ಕಳು ನಿಮ್ಮೊಬ್ಬರ ಇಂಗ್ಲಿಷಿಗೆ ಮಾತ್ರ ಒಗ್ಗಿದ್ದಾರೆಯೇ ಎಂಬುದೂ ತಿಳಿಯುತ್ತದೆ. ನಿಧಾನವಾಗಿ ಹೇಳುವುದೆಂದರೆ ಪದ ಪದಕ್ಕೂ ನಿಲ್ಲಿಸುವುದಲ್ಲ. ಪದಗುಚ್ಛಗಳ ನಡುವೆ ಬಿಡುವು ಕೊಡಿ, ಗುಚ್ಛದೊಳಗೆ ಮಾತು ಸಹಜವಾಗಿ ಹರಿಯಲಿ.

ಉಚ್ಚಾರಣೆಯ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟವಾಗಿದೆ. ‘ವೆಸ್ಟ್’ ಎಂಬ ಉಡುಪನ್ನೂ ‘ವೆಸ್ಟ್’ ಎಂಬ ದಿಕ್ಕನ್ನೂ ಬ್ರಿಟಿಷರು ಬೇರೆ ಬೇರೆ ವ್ಯಂಜನದಿಂದ ಆರಂಭಿಸುತ್ತಾರೆ. ನಮ್ಮಲ್ಲಿ ಬಹುಪಾಲು ಜನ ಎರಡಕ್ಕೂ ‘ವ’ಕಾರವನ್ನೇ ಬಳಸುತ್ತಾರೆ, ಕೇಳುವವರು ಸಂದರ್ಭದಿಂದ ಅರ್ಥಮಾಡಿಕೊಳ್ಳುತ್ತಾರೆ. ಇಂಥ ಜೋಡಿಗಳಿಗೆ 8ನೇ ತರಗತಿಯಲ್ಲಿ ಅಂಕ ಇಡುವುದು ನ್ಯಾಯವಲ್ಲ. ಆದರೆ ಥರ್ಟೀನ್ ಮತ್ತು ಥರ್ಟಿ, ಕ್ಯಾನ್ ಮತ್ತು ಕಾಂಟ್, ಪೆನ್ ಮತ್ತು ಪ್ಯಾನ್ ಎಂಬಂಥವು ತಪ್ಪಿದರೆ ವ್ಯವಹಾರವೇ ತಪ್ಪುತ್ತದೆ. ಅವನ್ನು ಕೇಳಿ.

ಪ್ರಶ್ನೆ (ಶಿಕ್ಷಕ, ತುಮಕೂರು ಜಿಲ್ಲೆ): ಸರ್, ಪದಸಂಪತ್ತಿನ ಪರೀಕ್ಷೆಗೆ ಯಾವ ಪದಗಳನ್ನು ಆರಿಸಬೇಕು? ಪಾಠದ ಕೊನೆಯಲ್ಲಿ ಕೊಟ್ಟಿರುವ ಪದಪಟ್ಟಿ ಸಾಕಲ್ಲವೇ? ವಿರುದ್ಧಾರ್ಥಕ ಪದ ಕೇಳುವುದರಲ್ಲಿ ತಪ್ಪೇನಿದೆ?

ಉತ್ತರ: ಕಲಿಸಿದ ಪಾಠವನ್ನು ಮಕ್ಕಳು ಕಲಿತರೇ ಎಂದು ನೋಡಲು ಪಾಠದ ಪಟ್ಟಿ ಸಾಕು. ಮಗುವಿನ ಒಟ್ಟು ಪದಸಂಪತ್ತು ಎಷ್ಟೆಂದು ತಿಳಿಯಲು ಸಾಲದು, ಏಕೆಂದರೆ ಪಾಠದ ಪಟ್ಟಿಯಲ್ಲಿ ಕಥೆಗಷ್ಟೇ ಬೇಕಾದ ಅಪರೂಪದ ಪದಗಳೇ ತುಂಬಿರುತ್ತವೆ. ಬಳಕೆಯ ಪ್ರಮಾಣವನ್ನು ಆಧರಿಸಿ ಪದಗಳನ್ನು ಆರಿಸುವ ಪದ್ಧತಿಗೆ ನಮ್ಮ ದೇಶದ ನಂಟೂ ಇದೆ. ಅವಿಭಜಿತ ಬಂಗಾಳದಲ್ಲಿ ಶಿಕ್ಷಣ ಇಲಾಖೆಯ ಕೆಲಸದಲ್ಲಿದ್ದು, ಅಲ್ಲಿನ ಮಕ್ಕಳ ಇಂಗ್ಲಿಷ್ ಓದಿನ ಕಷ್ಟಗಳನ್ನು ಹತ್ತಿರದಿಂದ ಕಂಡಿದ್ದ ಮೈಕೆಲ್ ವೆಸ್ಟ್ ಅವರು 1953ರಲ್ಲಿ ಸುಮಾರು 2,000 ಪದಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಅನಂತರ ಹೊಸ ಪಟ್ಟಿಗಳು ಬಂದಿವೆ, ಆದರೆ ಹೆಚ್ಚು ಬಳಕೆಯ ಪದಗಳನ್ನು ಮೊದಲು ಕಲಿಸಬೇಕು, ಮೊದಲು ಪರೀಕ್ಷಿಸಬೇಕು ಎಂಬ ತತ್ತ್ವ ಇಂದಿಗೂ ನಿಂತಿದೆ. ಆ ಮೊದಲ ಸಾವಿರದಿಂದ 20, ಎರಡನೆಯ ಸಾವಿರದಿಂದ 20 ಪದಗಳನ್ನು ಯಾವ ಆಯ್ಕೆಯೂ ಇಲ್ಲದೆ ಎತ್ತಿಕೊಂಡರೆ ಒಂದು ಅಂದಾಜು ಸಿಗುತ್ತದೆ. ಬಸ್, ಟಿಕೆಟ್, ಡಾಕ್ಟರ್ ಮೊದಲಾದ, ಕನ್ನಡದಲ್ಲಿಯೇ ಬೆರೆತುಹೋದ ಪದಗಳು ಬಂದರೆ ಅವುಗಳ ಲೆಕ್ಕವನ್ನು ಬೇರೆ ಇಡಿ, ಇಲ್ಲದಿದ್ದರೆ ಅಂದಾಜು ಉಬ್ಬುತ್ತದೆ.

ಇನ್ನು ವಿರುದ್ಧಾರ್ಥಕ. ‘ರಿಫ್ಯೂಸ್’ ಪದದ ವಿರುದ್ಧಾರ್ಥಕ ಬರೆಯಿರಿ ಎಂದಾಗ, ‘ರಿಫ್ಯೂಸ್’ ಗೊತ್ತಿದ್ದು ‘ಅಕ್ಸೆಪ್ಟ್’ ನೆನಪಾಗದ ಮಗು ಅಂಕ ಕಳೆದುಕೊಳ್ಳುತ್ತದೆ; ಗೈಡಿನಲ್ಲಿದ್ದ ಜೋಡಿಯನ್ನು ಬಾಯಿಪಾಠ ಮಾಡಿ, ಎರಡರ ಅರ್ಥವೂ ತಿಳಿಯದ ಮಗು ಅಂಕ ಪಡೆಯುತ್ತದೆ. ಇದರ ಬದಲು ‘ಮೈ ಫಾದರ್ ರಿಫ್ಯೂಸ್ಡ್ ದ ಮನಿ’ ಎಂಬ ವಾಕ್ಯ ಕೊಟ್ಟು, ತಂದೆ ಏನು ಮಾಡಿದರು ಎಂದು ಕೇಳಿ. ಆಯ್ಕೆಗಳು ಕನ್ನಡದಲ್ಲಿರಲಿ: ಹಣ ತೆಗೆದುಕೊಂಡರು, ಹಣ ಬೇಡವೆಂದರು, ಹಣ ಎಣಿಸಿದರು, ಹಣ ಕಳೆದುಕೊಂಡರು. ನಾಲ್ಕೂ ಆ ವಾಕ್ಯಕ್ಕೆ ಒಪ್ಪುತ್ತವೆ, ಆದ್ದರಿಂದ ಪದದ ಅರ್ಥ ತಿಳಿಯದೆ ಊಹೆಯಿಂದ ಸರಿಯುತ್ತರಕ್ಕೆ ಬರುವುದು ಕಷ್ಟ. ಹೀಗಿದ್ದರೂ ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದವರಿಗೆ ನಾಲ್ಕರಲ್ಲಿ ಒಂದು ಅವಕಾಶ ಇದ್ದೇ ಇರುತ್ತದೆ. 20ಕ್ಕೆ 5 ಬಂದರೆ ಅದನ್ನು ಜ್ಞಾನವೆಂದು ಬಗೆಯಬೇಡಿ. ಪದವನ್ನು ಗುರುತಿಸುವುದು ಬೇರೆ, ಅದನ್ನು ಬಳಸುವುದು ಬೇರೆ ಎಂಬುದನ್ನೂ ಮರೆಯಬಾರದು. ಬಳಕೆಯನ್ನು ನೋಡಬೇಕಾದರೆ ಮೊದಲ ಎರಡು ಅಕ್ಷರ ಕೊಟ್ಟು ವಾಕ್ಯದೊಳಗೆ ಪದವನ್ನು ಪೂರ್ಣಗೊಳಿಸಲು ಹೇಳಿ.

ಪ್ರಶ್ನೆ (ಶಿಕ್ಷಕಿ, ಕಲಬುರಗಿ ಜಿಲ್ಲೆ): ವ್ಯಾಕರಣಕ್ಕೆ ಬಂದರೆ, ಕರ್ತರಿಯನ್ನು ಕರ್ಮಣಿಗೆ ಬದಲಿಸಿ, ಡೈರೆಕ್ಟ್ ಸ್ಪೀಚನ್ನು ಇನ್‌ಡೈರೆಕ್ಟ್‌ಗೆ ಬದಲಿಸಿ ಎಂಬ ಪ್ರಶ್ನೆಗಳನ್ನೇ ನಾವು ವರ್ಷಗಳಿಂದ ಕೊಡುತ್ತಿದ್ದೇವೆ. ಅವು ಬೇಡವೆಂದರೆ ಮಕ್ಕಳಿಗೆ ವ್ಯಾಕರಣ ಬರುತ್ತದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಅವು ಪೂರ್ತಿ ಬೇಡವೆಂದು ಹೇಳಲಾರೆ ಮೇಡಂ, ಆದರೆ ಅವು ಅಳೆಯುವುದು ವಾಕ್ಯವನ್ನು ಬದಲಿಸುವ ನೈಪುಣ್ಯವನ್ನು. ಯಾವಾಗ ಕರ್ಮಣಿ ಪ್ರಯೋಗ ಬೇಕು ಎಂಬ ತಿಳಿವು ಅದರಲ್ಲಿ ಸಿಗುವುದಿಲ್ಲ. ಇದಕ್ಕೆ ನಮ್ಮ ಬೆಂಗಳೂರಿನ ಹೆಸರಿನಿಂದಲೇ ಪ್ರಸಿದ್ಧವಾದ ಒಂದು ಯೋಜನೆಯ ಅನುಭವವಿದೆ. ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ, ವ್ಯಾಕರಣವನ್ನು ನೇರವಾಗಿ ಕಲಿಸದೆ, ನಕ್ಷೆ, ವೇಳಾಪಟ್ಟಿ ಮೊದಲಾದವುಗಳನ್ನು ಆಧರಿಸಿದ ಚಟುವಟಿಕೆಗಳ ಮೂಲಕ ಇಂಗ್ಲಿಷ್ ಕಲಿಸಿದರು. ಕೊನೆಗೆ ಬೆರೆಟ್ಟಾ ಮತ್ತು ಡೇವೀಸ್ ಎಂಬ ಹೊರಗಿನ ಮೌಲ್ಯಮಾಪಕರು ಆ ಮಕ್ಕಳನ್ನೂ ಸಾಂಪ್ರದಾಯಿಕ ತರಗತಿಯ ಮಕ್ಕಳನ್ನೂ ಹಲವು ಬಗೆಯ ಪರೀಕ್ಷೆಗಳಿಂದ ಹೋಲಿಸಿದರು. ವಾಕ್ಯರಚನೆಯನ್ನಷ್ಟೇ ಬಿಡಿಯಾಗಿ ಕೇಳಿದ ಪರೀಕ್ಷೆಯಲ್ಲಿ ಸಾಂಪ್ರದಾಯಿಕ ತರಗತಿಯವರು ಮುಂದಿದ್ದರು, ಚಟುವಟಿಕೆ ಆಧಾರಿತ ಪರೀಕ್ಷೆಯಲ್ಲಿ ಯೋಜನೆಯ ಮಕ್ಕಳು ಮುಂದಿದ್ದರು. ಯಾರು ಮುಂದೆ ಎಂಬುದು ಪ್ರಶ್ನೆಯ ಬಗೆಯನ್ನು ಇಷ್ಟರ ಮಟ್ಟಿಗೆ ಅವಲಂಬಿಸಿರುವಾಗ, ಒಂದೇ ಬಗೆಯ ಪ್ರಶ್ನೆ ಕೇಳಿ ಮಗುವಿಗೆ ವ್ಯಾಕರಣ ಬರುವುದಿಲ್ಲ ಎಂದು ತೀರ್ಪು ಕೊಡುವುದು ಸರಿಯಲ್ಲ.

ನಾನು ಸೂಚಿಸುವುದು ಇಷ್ಟು. ‘ಯೆಸ್ಟರ್‌ಡೇ’ ಎಂದು ಆರಂಭವಾಗಿ, ಆವರಣದಲ್ಲಿ ‘ಗೋ’ ಎಂದು ಕೊಟ್ಟ ಬಿಡಿ ವಾಕ್ಯದಲ್ಲಿ ಉತ್ತರದ ಸುಳಿವು ಪ್ರಶ್ನೆಯಲ್ಲಿಯೇ ಇದೆ. ಬದಲಿಗೆ ಕಳೆದ ವಾರದ ಸಂತೆಯ ಬಗ್ಗೆ ಎಂಟು ಹತ್ತು ವಾಕ್ಯಗಳ ಒಂದು ಬರಹ ಕೊಡಿ. ಮೊದಲ ಮತ್ತು ಕೊನೆಯ ವಾಕ್ಯಗಳನ್ನು ಮುಟ್ಟಬೇಡಿ. ನಡುವಿನ ವಾಕ್ಯಗಳಲ್ಲಿ ಕೆಲವು ಕ್ರಿಯಾಪದ, ‘ಎ’, ‘ದ’, ‘ಇನ್’, ‘ಅಟ್’ ಮೊದಲಾದವನ್ನು ತೆಗೆದು ಜಾಗ ಬಿಡಿ. ನಡೆದುಹೋದ ಸಂಗತಿ ಎಂಬುದನ್ನು ಮಗು ಇಡೀ ಬರಹದಿಂದ ಗ್ರಹಿಸಿ ಕಾಲವನ್ನು ನಿರ್ಧರಿಸಬೇಕಾಗುತ್ತದೆ. ಇದು 1953ರಲ್ಲಿ ವಿಲ್ಸನ್ ಟೇಲರ್ ರೂಪಿಸಿದ ಕ್ಲೋಜ಼್ ಪರೀಕ್ಷೆಯ ಸರಳ ರೂಪ. ಮೂಲದಲ್ಲಿ ಪ್ರತಿ ಐದನೆಯದೋ ಏಳನೆಯದೋ ಪದವನ್ನು ಲೆಕ್ಕ ಹಾಕಿ ತೆಗೆಯುತ್ತಿದ್ದರು. ವ್ಯಾಕರಣಕ್ಕೆ ನಾವೇ ಆರಿಸಿ ತೆಗೆಯುವುದು ಒಳ್ಳೆಯದು. ‘ಎ’ ಮತ್ತು ‘ದ’ಗಳಿಗೆ ಹೆಚ್ಚು ಅಂಕ ಇಡಬೇಡಿ: ಕನ್ನಡದಲ್ಲಿ ಅವಕ್ಕೆ ನೇರವಾದ ಸಮಾನ ರೂಪವಿಲ್ಲ, ವರ್ಷಗಟ್ಟಲೆ ಇಂಗ್ಲಿಷ್ ಬಳಸಿದವರೂ ಅಲ್ಲಿ ತಡವರಿಸುತ್ತಾರೆ.

ಪ್ರಶ್ನೆ (ಶಿಕ್ಷಕ, ತುಮಕೂರು ಜಿಲ್ಲೆ): ಎಸ್‌ಎಸ್‌ಎಲ್‌ಸಿ ಲಿಖಿತ ಪತ್ರಿಕೆಯಲ್ಲಿ ಆಲಿಸುವಿಕೆ ಇಲ್ಲವಲ್ಲ ಸರ್. ಅದಕ್ಕಾಗಿ ಇಷ್ಟು ಶ್ರಮ ಪಡಬೇಕೇ?

ಉತ್ತರ: ದ್ವಿತೀಯ ಭಾಷೆ ಇಂಗ್ಲಿಷಿನ ಲಿಖಿತ ಪತ್ರಿಕೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಆಲಿಸುವಿಕೆಗೆ ಸ್ಥಳವಿರುವುದು ಈ 20ರಲ್ಲಿ ಮತ್ತು ಕೆಳಗಿನ ತರಗತಿಗಳಲ್ಲಿ ಕಲಿಕೆಯ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಮಾತ್ರ. ಪರೀಕ್ಷೆಯಲ್ಲಿಲ್ಲದ ಕೌಶಲ ತರಗತಿಯಿಂದಲೂ ಜಾರಿಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಪಿಯುಸಿಯಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕೇಳಬೇಕಾದಾಗ ಕನ್ನಡ ಮಾಧ್ಯಮದ ಮಕ್ಕಳು ಮೊದಲು ಸೋಲುವುದು ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿಯೇ. ಆದ್ದರಿಂದ ಶ್ರಮ ಪಡಲೇಬೇಕು.

ಪ್ರತಿಕ್ರಿಯೆ (ಹಾವೇರಿಯ ಶಿಕ್ಷಕಿ): ಕೊನೆಯದಾಗಿ ಒಂದು. ಪತ್ರಿಕೆಯನ್ನು ತಿದ್ದಿದ ಮೇಲೆ, ಅದು ಸರಿಯಾಯಿತೆಂದು ನನಗೆ ಗೊತ್ತಾಗುವುದು ಹೇಗೆ? ಆಲಿಸುವ ಭಾಗಕ್ಕೆ ಕನ್ನಡದಲ್ಲಿ ಉತ್ತರ ಬರೆದರೆ ಅಂಕ ಕೊಡಬಹುದೇ?

ಉತ್ತರ: ಕನ್ನಡದ ಉತ್ತರಕ್ಕೆ ಪೂರ್ಣ ಅಂಕ ಕೊಡಿ, ಕೊಡುತ್ತೀರೆಂದು ಮಕ್ಕಳಿಗೆ ಮೊದಲೇ ತಿಳಿಸಿ. ನೀವು ಅಳೆಯುತ್ತಿರುವುದು ಇಂಗ್ಲಿಷ್ ಮಾತು ಅರ್ಥವಾಯಿತೇ ಎಂಬುದನ್ನು.

ಪತ್ರಿಕೆಯ ಪರಿಶೀಲನೆಗೆ ಕಾಗದ, ಪೆನ್ಸಿಲ್ ಸಾಕು. 42 ಉತ್ತರ ಪತ್ರಿಕೆಗಳನ್ನು ಒಟ್ಟು ಅಂಕದ ಕ್ರಮದಲ್ಲಿ ಜೋಡಿಸಿ, ಮೇಲಿನ ಶೇಕಡ 27 ಮತ್ತು ಕೆಳಗಿನ ಶೇಕಡ 27, ಅಂದರೆ 11 ಮತ್ತು 11 ಪತ್ರಿಕೆಗಳನ್ನು ಬೇರೆ ಇಡಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 10, ಕೆಳಗಿನವರಲ್ಲಿ 3 ಮಕ್ಕಳು ಸರಿಯುತ್ತರ ಬರೆದಿದ್ದರೆ, ವ್ಯತ್ಯಾಸವಾದ 7ನ್ನು 11ರಿಂದ ಭಾಗಿಸಿ: 0.64. ಆ ಪ್ರಶ್ನೆ ಮಕ್ಕಳ ಮಟ್ಟವನ್ನು ಚೆನ್ನಾಗಿ ಬೇರ್ಪಡಿಸುತ್ತಿದೆ. ಇನ್ನೊಂದಕ್ಕೆ 6 ಮತ್ತು 5 ಬಂದಿದ್ದರೆ ಉತ್ತರ 0.09, ಆ ಪ್ರಶ್ನೆಯಲ್ಲಿ ಏನೋ ಗೊಂದಲವಿದೆ, ಆಯ್ಕೆಗಳನ್ನು ಮತ್ತೆ ನೋಡಿ. ಕೆಳಗಿನವರೇ ಹೆಚ್ಚು ಸರಿಯಾಗಿ ಬರೆದಿದ್ದರೆ ಮೊದಲು ನಿಮ್ಮ ಉತ್ತರ ಸೂಚಿಯನ್ನೇ ಪರಿಶೀಲಿಸಿ. 0.3ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಇಟ್ಟುಕೊಳ್ಳಬಹುದು. 42 ಮಕ್ಕಳು ಚಿಕ್ಕ ಗುಂಪು, ಆದ್ದರಿಂದ ದಶಮಾಂಶದ ಸಣ್ಣ ವ್ಯತ್ಯಾಸಗಳಿಗೆ ಬೆಲೆ ಕೊಡಬೇಡಿ. ಕಲಿಸಿದ ಪಾಠದ ಮೇಲಿನ ಪ್ರಶ್ನೆಗೆ ಎಲ್ಲರೂ ಸರಿಯುತ್ತರ ಬರೆದರೆ ಈ ಲೆಕ್ಕ ಸೊನ್ನೆ ಬರುತ್ತದೆ. ಅಂಥದ್ದನ್ನು ತೆಗೆಯಬೇಡಿ, ಪಾಠ ತಲುಪಿದೆ ಎಂದರ್ಥ.

ಮುಂದಿನ ಪರೀಕ್ಷೆಗೆ ಮುನ್ನ ಪ್ರಕಟಣೆಯ ಧ್ವನಿಮುದ್ರಣವನ್ನೂ ಉತ್ತರದ ಹಾಳೆಯನ್ನೂ ಇಲ್ಲಿ ಹಾಕಿ ಮೇಡಂ. ಮಕ್ಕಳ ಕೈಗೆ ಹೋಗುವ ಮೊದಲು ಕೇಳಿ ನೋಡಿ, ತಿದ್ದಬೇಕಾದದ್ದಿದ್ದರೆ ಹೇಳುತ್ತೇನೆ.